ಲಾಗ್‌ಬುಕ್ಕಿನ ಗಂಟೆಗಳು

ಕಳೆದ ಈದ್‌ನ ಮರುದಿನ ಮಧ್ಯಾಹ್ನ ಆಪಾಳ ಮಗಳು ಶೀರ್‌ಖುರ್ಮಾದ ಬಟ್ಟಲು ಹಿಡಿದುಕೊಂಡು ಜಗಲಿಗೆ ಬಂದು ನನ್ನ ಪಕ್ಕ ಕುಳಿತಳು. ಬೆಂಗಳೂರಿನಿಂದ ಹಬ್ಬಕ್ಕೆಂದು ಯಲ್ಲಾಪುರಕ್ಕೆ ಬಂದವಳು ಆಫೀಸಿನ ಕೆಲಸವನ್ನೂ ಜೊತೆಗೆ ಹೊತ್ತು ತಂದಿದ್ದಳು. ಲ್ಯಾಪ್‌ಟಾಪ್ ತೆರೆದು, "ಮಾಮು, ನೀವು ಹಿಂದೆ ಮೊಬೈಲ್ ಟವರಿನ ಕೆಲಸ ಮಾಡ್ತಿದ್ರಲ್ಲ, ಆಗ ಜನರೇಟರಿಗೆ ದಿನಕ್ಕೆ ಎಷ್ಟು ಡೀಸೆಲ್ ಬೇಕಾಗ್ತಿತ್ತು?" ಎಂದು ಕೇಳಿದಳು.

"ಇಪ್ಪತ್ನಾಲ್ಕು ಲೀಟರ್" ಎಂದೆ.

ಯೋಚಿಸದೆಯೇ ಹೊರಬಿದ್ದ ಉತ್ತರ. ಆ ಕೆಲಸ ಬಿಟ್ಟು ಹದಿನೈದು ವರ್ಷಗಳಾದರೂ ಆ ಅಂಕಿ ನಾಲಿಗೆಯ ತುದಿಯಲ್ಲೇ ಕುಳಿತಿತ್ತು. ಅವಳು ಅದನ್ನು ಪರದೆಯ ಮೇಲಿನ ಒಂದು ಚೌಕದಲ್ಲಿ ತುಂಬಿಕೊಂಡಳು. ಅದು ಸುಳ್ಳು ಅಂಕಿ ಎಂಬುದು ನನಗೆ ಹೊಳೆದದ್ದು ಅವಳು ಬಟ್ಟಲು ಖಾಲಿ ಮಾಡಿ ಒಳಗೆ ಹೋದ ಮೇಲೆ.

ಅವಳ ಕೆಲಸವೇ ಲೆಕ್ಕ ಹಾಕುವುದು. ಕಂಪ್ಯೂಟರ್ ಮತ್ತು ಟೆಲಿಫೋನ್ ಕಂಪನಿಗಳು ವರ್ಷಕ್ಕೆ ಎಷ್ಟು ವಿದ್ಯುತ್ತು, ಎಷ್ಟು ಡೀಸೆಲ್ ಬಳಸುತ್ತವೆ, ಅದರಿಂದ ಎಷ್ಟು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂದು ಬರೆದುಕೊಡುವ ಒಂದು ಆಫೀಸಿನಲ್ಲಿ ಅವಳಿದ್ದಾಳೆ. ಮೊದಲು ಇದೆಲ್ಲ ಕಂಪನಿಗಳ ಮನಸ್ಸಿಗೆ ಬಿಟ್ಟ ವಿಷಯವಾಗಿತ್ತು. ಷೇರುಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿ 2022-23ರಿಂದ ದೇಶದ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಇಂಥ ವರದಿಯನ್ನು ಕಡ್ಡಾಯ ಮಾಡಿತು. ಈಗ ವರ್ಷವಿಡೀ ಅವಳಿಗೆ ಬಿಡುವಿಲ್ಲ. ಮಲೆನಾಡಿನ ಟವರುಗಳು 2009-10ರಲ್ಲಿ ಎಷ್ಟು ಡೀಸೆಲ್ ಸುಡುತ್ತಿದ್ದವು, ಈಗ ಎಷ್ಟು ಉಳಿಸಿವೆ ಎಂಬ ಒಂದು ಹೋಲಿಕೆಯನ್ನು ಅವಳು ಸಿದ್ಧಪಡಿಸುತ್ತಿದ್ದಳು. ಹಳೆಯ ರಿಜಿಸ್ಟರುಗಳು ಬಹಳಷ್ಟು ಕಡೆ ಸಿಕ್ಕಿಲ್ಲ. ಟವರುಗಳು ಕೈಯಿಂದ ಕೈಗೆ ಮಾರಾಟವಾಗಿವೆ. ಮನೆಯಲ್ಲೇ ಒಬ್ಬ ಹಳೆಯ ಟವರಿನವನಿದ್ದಾನಲ್ಲ, ಕೇಳಿ ನೋಡೋಣ ಎಂದು ಕೇಳಿದ್ದಳು, ಅಷ್ಟೇ.

ನಾನು ಆ ಕೆಲಸಕ್ಕೆ ಸೇರಿದ್ದು 2007ರಲ್ಲಿ. ಅದಕ್ಕೆ ಮುಂಚೆ ಪೇಟೆಯ ಒಂದು ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಕಲಿಯುತ್ತಿದ್ದೆ. ಮೊಬೈಲ್ ಆಗಷ್ಟೇ ಹಳ್ಳಿಗಳ ಕಡೆ ಮುಖ ಮಾಡಿತ್ತು. ಒಂದು ಖಾಸಗಿ ಕಂಪನಿಯ ಗುತ್ತಿಗೆದಾರನ ಕೈಕೆಳಗೆ ಮೂರು ಟವರುಗಳ ಉಸ್ತುವಾರಿ ಸಿಕ್ಕಿತು. ತಿಂಗಳಿಗೆ 3500 ರೂಪಾಯಿ ಸಂಬಳ, ಬೈಕಿಗೆ ಪೆಟ್ರೋಲು ಬೇರೆ. ಒಂದು ಟವರು ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯ ಪಕ್ಕದಲ್ಲೇ ಇತ್ತು. ಇನ್ನೊಂದು ಮಂಚಿಕೇರಿಯ ಕಡೆ. ಮೂರನೆಯದು ಅರಬೈಲ್ ಘಟ್ಟದ ದಿಕ್ಕಿನಲ್ಲಿ ಕಾಡಿನೊಳಗಿನ ಗುಡ್ಡದ ನೆತ್ತಿಯಲ್ಲಿ. ಈ ಕಥೆಗೆ ಸಂಬಂಧಪಟ್ಟದ್ದು ಆ ಮೂರನೆಯದು.

ಅಲ್ಲಿಗೆ ಜೀಪು ಹೋಗುತ್ತಿದ್ದುದು ದೀಪಾವಳಿಯ ನಂತರ. ಮಳೆಗಾಲದಲ್ಲಿ ಅರ್ಧ ದಾರಿಗೆ ಬೈಕು ನಿಲ್ಲಿಸಿ, ಇಪ್ಪತ್ತು ಲೀಟರಿನ ಕ್ಯಾನು ಹೆಗಲಿಗೇರಿಸಿ ನಡೆಯಬೇಕು. ನನ್ನ ಜೊತೆಗೆ ಒಬ್ಬ ಸಿದ್ದಿ ಹುಡುಗ ಇರುತ್ತಿದ್ದ. ನಾನು ಒಂದು ಕ್ಯಾನು ಹೊತ್ತು ನಾಲ್ಕು ಕಡೆ ನಿಂತರೆ ಅವನು ಎರಡು ಹೊತ್ತು ಒಂದೇ ಉಸಿರಿಗೆ ಹತ್ತಿಬಿಡುತ್ತಿದ್ದ. ಉಂಬಳ ಕಾಲಿಗೆ ಹತ್ತಿದ್ದು ಗೊತ್ತಾಗುತ್ತಿದ್ದುದು ಮೇಲೆ ಹೋಗಿ ಪ್ಯಾಂಟು ಮಡಿಚಿದಾಗಲೇ. ಮೇಲೆ ತಂತಿಬೇಲಿಯೊಳಗೆ ಒಂದು ತಗಡಿನ ಕೋಣೆ, ಕೋಣೆಯೊಳಗೆ ಏಸಿ, ಹೊರಗೆ ಡೀಸೆಲ್ ಜನರೇಟರು. ಕೋಣೆಯಲ್ಲಿದ್ದ ಯಂತ್ರಗಳು ಬಿಸಿಯಾಗದಂತೆ ಏಸಿ ಸದಾ ಓಡಬೇಕಿತ್ತು. ಯಲ್ಲಾಪುರದ ಜುಲೈ ಚಳಿಯಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ ನಾವಿಬ್ಬರೂ ಒಂದು ಯಂತ್ರವನ್ನು ತಣ್ಣಗಿಡಲು ಡೀಸೆಲ್ ಹೊರುತ್ತಿದ್ದೆವು. ಹುಡುಗನಿಗೆ ಅದೊಂದು ದೊಡ್ಡ ತಮಾಷೆಯಾಗಿತ್ತು. "ಭಾಯಿ, ಇದರ ಕೋಣೆಯ ಬಾಗಿಲು ತೆಗೆದಿಟ್ಟರೆ ಸಾಲದಾ?" ಎನ್ನುತ್ತಿದ್ದ. ಮುಂದೆ ಕೆಲವು ವರ್ಷಗಳಲ್ಲಿ ಕಂಪನಿಗಳು ಏಸಿ ಇಲ್ಲದ, ಬಯಲಲ್ಲೇ ನಿಲ್ಲುವ ಪೆಟ್ಟಿಗೆಗಳನ್ನು ತಂದವು. ಹುಡುಗ ಹೇಳಿದ್ದನ್ನು ಎಂಜಿನಿಯರುಗಳೂ ಹೇಳಿದರು ಎನ್ನಬೇಕು.

ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ಗುಡ್ಡಕ್ಕೆ ಮೂರು ನಾಲ್ಕು ದಿನ ಕರೆಂಟಿಲ್ಲ. ಬೇಸಿಗೆಯಲ್ಲಿ ಕರೆಂಟು ಇದ್ದರೂ ವೋಲ್ಟೇಜು ಇಲ್ಲ. ಹಾಗಾಗಿ ವರ್ಷದ ಸರಾಸರಿ ತೆಗೆದರೆ ಜನರೇಟರು ದಿನಕ್ಕೆ ಎಂಟು ಗಂಟೆ ಓಡುತ್ತಿತ್ತು. ಗಂಟೆಗೆ ಎರಡು ಲೀಟರ್. ಅಂದರೆ ಹದಿನಾರು ಲೀಟರ್.

ಲಾಗ್‌ಬುಕ್ಕಿನಲ್ಲಿ ನಾನು ಬರೆಯುತ್ತಿದ್ದುದು ಹನ್ನೆರಡು ಗಂಟೆ, ಇಪ್ಪತ್ನಾಲ್ಕು ಲೀಟರ್.

ಇದನ್ನು ನಾನು ಕಂಡುಹಿಡಿದದ್ದಲ್ಲ. ಸೇರಿದ ಎರಡನೇ ವಾರವೇ ಸೂಪರ್‌ವೈಸರು ಹೇಳಿಕೊಟ್ಟ. ಎಂಟು ಲೀಟರು ಅವರದ್ದು. ಹೆದ್ದಾರಿಯಲ್ಲಿ ಅದಿರು ಲಾರಿಗಳು ಇರುವೆ ಸಾಲಿನಂತೆ ಬಂದರಿನ ಕಡೆ ಹೋಗುತ್ತಿದ್ದ ಕಾಲ ಅದು. ಕ್ಯಾನಿನ ಡೀಸೆಲ್ಲಿಗೆ ಗಿರಾಕಿಗಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಗುತ್ತಿಗೆದಾರನಿಗೆ ಎಷ್ಟು, ಸೂಪರ್‌ವೈಸರಿಗೆ ಎಷ್ಟು ಎಂದು ನಾನು ಕೇಳಲಿಲ್ಲ. ನನ್ನ ಸಂಬಳದ ಕವರಿನಲ್ಲಿ ನಾಲ್ಕು ನೂರು ಹೆಚ್ಚು ಬರುತ್ತಿತ್ತು. ಮೊದಲ ಸಲ ಆ ಕವರನ್ನು ಅಮ್ಮಿಯ ಕೈಗೆ ಕೊಟ್ಟಾಗ, "ಸಂಬಳ ಏರಿಸಿದರಾ?" ಎಂದು ಕೇಳಿದಳು. ಹೌದು ಎಂದೆ. ಅದು ಎರಡನೇ ಸುಳ್ಳು.

ಜನರೇಟರಿಗೆ ಅವರ್ ಮೀಟರ್ ಎಂಬುದೊಂದು ಇರುತ್ತದೆ. ಎಂಜಿನು ಓಡಿದಷ್ಟು ಗಂಟೆಗಳನ್ನು ಅದು ಲೆಕ್ಕ ಇಡುತ್ತದೆ. ಅದು ಇರುವುದೇ ನಮ್ಮಂಥವರನ್ನು ನಂಬಲಾಗದು ಎಂಬ ಕಾರಣಕ್ಕೆ. ಆದರೆ ಅದಕ್ಕೆ ಎಂಜಿನಿನ ಪರಿಚಯವೇನೂ ಇಲ್ಲ, ಹನ್ನೆರಡು ವೋಲ್ಟು ಸಿಕ್ಕರೆ ಸಾಕು. ಅದರ ವಯರನ್ನು ಬಿಚ್ಚಿ ನೇರ ಬ್ಯಾಟರಿಗೆ ತಗುಲಿಸಿದರೆ ಎಂಜಿನು ತಣ್ಣಗೆ ಮಲಗಿದ್ದರೂ ಮೀಟರು ಗಂಟೆ ಎಣಿಸುತ್ತಾ ಹೋಗುತ್ತದೆ. ವೈಂಡಿಂಗ್ ಕಲಿತವನಿಗೆ ಅದು ಎರಡು ನಿಮಿಷದ ಕೆಲಸ. ಕಂಪನಿಯ ತಪಾಸಣೆಯವರು ಬಂದಾಗ ಮೀಟರು ಮತ್ತು ಲಾಗ್‌ಬುಕ್ಕು ಅಣ್ಣತಮ್ಮಂದಿರಂತೆ ಒಂದೇ ಮಾತು ಆಡುತ್ತಿದ್ದವು. ಅವರು ಸಹಿ ಹಾಕಿ ಹೋಗುತ್ತಿದ್ದರು.

ಒಂದೇ ಒಂದು ತೊಡಕಿತ್ತು. ಜನರೇಟರಿಗೆ ಇನ್ನೂರೈವತ್ತು ಗಂಟೆಗೊಮ್ಮೆ ಎಂಜಿನ್ ಆಯಿಲ್ ಬದಲಾಯಿಸಬೇಕು. ಮೀಟರು ಸುಳ್ಳು ಹೇಳುತ್ತಿದ್ದರೆ ಯಾವಾಗ ಬದಲಾಯಿಸುವುದು? ಲಾಗ್‌ಬುಕ್ಕಿನ ಪ್ರಕಾರ ಇಪ್ಪತ್ತೊಂದು ದಿನಕ್ಕೊಮ್ಮೆ ಆಯಿಲ್ ಬರುತ್ತಿತ್ತು, ನಿಜಕ್ಕೂ ಬೇಕಾದದ್ದು ತಿಂಗಳಿಗೊಮ್ಮೆ. ಸುಳ್ಳು ಗಂಟೆಗೂ ಎಣ್ಣೆ ಬೇಕಲ್ಲ, ಆ ಎಣ್ಣೆಯೂ ಮಾರಾಟವಾಗುತ್ತಿತ್ತು. ಆದರೆ ಎಂಜಿನು ಕೆಟ್ಟರೆ ಹೊಣೆ ನನ್ನದು. ಅದಕ್ಕಾಗಿ ನಾನು ಒಂದು ಸಣ್ಣ ಪಾಕೆಟ್ ಡೈರಿ ಇಟ್ಟುಕೊಂಡು ಅದರಲ್ಲಿ ನಿಜವಾಗಿ ಓಡಿದ ಗಂಟೆಗಳನ್ನು ಬರೆಯುತ್ತಿದ್ದೆ. ಯಾರಿಗೂ ತೋರಿಸದ ಲೆಕ್ಕ ಅದು. ಮನುಷ್ಯರಿಗೆ ಸುಳ್ಳು ಹೇಳಬಹುದು, ಪಿಸ್ಟನ್ನಿಗೆ ಹೇಳಲಾಗುವುದಿಲ್ಲ.

2010ರಲ್ಲಿ ಆ ಕೆಲಸ ಬಿಟ್ಟೆ. ಪಶ್ಚಾತ್ತಾಪದಿಂದ ಬಿಟ್ಟೆ ಎಂದು ಇಲ್ಲಿ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಗುತ್ತಿಗೆದಾರ ಬದಲಾದ, ಹೊಸಬ ತನ್ನ ಹುಡುಗರನ್ನು ಕರೆತಂದ, ಅಷ್ಟೇ. ಪೇಟೆಯಲ್ಲಿ ವೈಂಡಿಂಗ್ ಅಂಗಡಿ ಹಾಕಿಕೊಂಡೆ. ಪಂಪು, ಫ್ಯಾನು, ಇನ್ವರ್ಟರು ಎಂದು ದಿನ ಹೋದವು. ಟವರಿನ ಕೆಳಗೆ ನಡೆದದ್ದು ಸಣ್ಣ ಪ್ರಾಯದ ಒಂದು ಸಣ್ಣ ಕಳ್ಳತನವಾಗಿ ಮನಸ್ಸಿನ ಮೂಲೆ ಸೇರಿತು.

ಸಂಜೆ ನಾನು ಅವಳ ಹತ್ತಿರ ಹೋಗಿ, ಆ ಇಪ್ಪತ್ನಾಲ್ಕನ್ನು ನೀನು ಏನು ಮಾಡುತ್ತೀ ಎಂದು ಕೇಳಿದೆ. ಸಂತೋಷದಿಂದ ವಿವರಿಸತೊಡಗಿದಳು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಲೀಟರನ್ನು ಇದರಿಂದ ಗುಣಿಸಿದರೆ ಆಯಿತು. ಒಂದು ಲೀಟರ್ ಡೀಸೆಲ್ಲಿನ ತೂಕವೇ ಒಂದು ಕಿಲೋಕ್ಕಿಂತ ಕಡಿಮೆ, ಅದರಿಂದ ಎರಡೂವರೆ ಕಿಲೋಕ್ಕಿಂತ ಹೆಚ್ಚು ಹೇಗೆ ಬಂತು ಎಂದು ನನಗೆ ಅನುಮಾನ. ಸುಡುವಾಗ ಗಾಳಿಯಲ್ಲಿದ್ದ ಆಮ್ಲಜನಕವೂ ಸೇರಿಕೊಳ್ಳುತ್ತದೆ ಮಾಮು ಎಂದಳು. ಇಂಥ ಲೆಕ್ಕಕ್ಕೆ ಜಗತ್ತಿನಲ್ಲೆಲ್ಲ ಬಳಸುವ ನಿಯಮಾವಳಿ 2001ರಲ್ಲಿ ಬಂತಂತೆ. ಅದು ಮೂರು ಖಾತೆ ಮಾಡುತ್ತದೆ. ಕಂಪನಿ ತಾನೇ ಸುಡುವ ಡೀಸೆಲ್ ಮೊದಲ ಖಾತೆ. ಕೊಂಡು ಬಳಸುವ ವಿದ್ಯುತ್ತು ಎರಡನೆಯದು. ತಾನು ಕೊಳ್ಳುವ ಯಂತ್ರಗಳನ್ನು ಯಾರೋ ತಯಾರಿಸುವಾಗ, ತಾನು ಮಾರಿದ್ದನ್ನು ಯಾರೋ ಬಳಸುವಾಗ, ನೌಕರರು ಕೆಲಸಕ್ಕೆ ಓಡಾಡುವಾಗ ಹುಟ್ಟುವ ಹೊಗೆಯೆಲ್ಲ ಮೂರನೆಯದು. ದೊಡ್ಡ ಕಂಪನಿಗಳಲ್ಲಿ ಹೆಚ್ಚಿನ ಪಾಲು ಈ ಮೂರನೆಯದರಲ್ಲೇ ಇರುತ್ತದೆ, ಅಂದಾಜೂ ಅದರಲ್ಲೇ ಹೆಚ್ಚು. "ಡೀಸೆಲ್ಲಿನ ಲೆಕ್ಕ ಇದೆಯಲ್ಲ, ಇಡೀ ವರದಿಯಲ್ಲಿ ಅದೇ ಅತ್ಯಂತ ಗಟ್ಟಿ. ಲಾಗ್‌ಬುಕ್ ಇರುತ್ತದಲ್ಲ" ಎಂದಳು.

ನನಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು, ಅದು ನನ್ನನ್ನು ನಿಜವಾಗಿ ಅಲ್ಲಾಡಿಸಿತು. 2012ರ ಜನವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಒಂದು ಆದೇಶ ಮಾಡಿತು. 2015ರೊಳಗೆ ಹಳ್ಳಿಗಾಡಿನ ಟವರುಗಳಲ್ಲಿ ಅರ್ಧದಷ್ಟು, ಪಟ್ಟಣದವುಗಳಲ್ಲಿ ಶೇ. 20ರಷ್ಟು ಸೌರಶಕ್ತಿ ಮುಂತಾದವನ್ನು ಸೇರಿಸಿಕೊಂಡ ಮಿಶ್ರ ವ್ಯವಸ್ಥೆಗೆ ಬದಲಾಗಬೇಕು ಎಂಬುದು ಅದರ ಗುರಿ. ನಮ್ಮ ಗುಡ್ಡದ ಟವರಿಗೂ ಆಮೇಲೆ ಸೋಲಾರ್ ಹಲಗೆ, ದೊಡ್ಡ ಬ್ಯಾಟರಿ ಬಂದದ್ದು ನನಗೆ ಗೊತ್ತಿತ್ತು. ಹಾಕಲು ಹೋಗಿದ್ದ ಹುಡುಗರು ನನ್ನ ಅಂಗಡಿಯಲ್ಲೇ ಚಹಾ ಕುಡಿದಿದ್ದರು. ಡೀಸೆಲ್ ದಿನಕ್ಕೆ ಒಂಬತ್ತು ಲೀಟರಿಗೆ ಇಳಿಯಿತು ಎಂದು ಅವರು ಹೇಳಿದ್ದೂ ನೆನಪಿದೆ. ಕಂಪನಿಯ ಲೆಕ್ಕದಲ್ಲಿ ಇದು ಹೇಗೆ ಕಾಣುತ್ತದೆ? ಮೊದಲು ಇಪ್ಪತ್ನಾಲ್ಕು, ಈಗ ಒಂಬತ್ತು, ಉಳಿತಾಯ ಹದಿನೈದು ಲೀಟರ್. ನಿಜದಲ್ಲಿ ಆದ ಉಳಿತಾಯ ಏಳು. ಉಳಿದ ಎಂಟು, ನಿಂತುಹೋದ ಕಳ್ಳತನ. ಆ ಎಂಟು ಲೀಟರನ್ನು ಕೊಳ್ಳುತ್ತಿದ್ದ ಲಾರಿಯವನು ಅಂದಿನಿಂದ ಬಂಕಿನಲ್ಲಿ ಹಾಕಿಸಿಕೊಂಡಿರುತ್ತಾನೆ. ಗಾಳಿಗೆ ಯಾವ ಉಪಕಾರವೂ ಆಗಲಿಲ್ಲ. ಆದರೂ ವರ್ಷಕ್ಕೆ 2920 ಲೀಟರು, ಅಂದರೆ ಸುಮಾರು 7.8 ಟನ್ ಇಂಗಾಲದ ಡೈಆಕ್ಸೈಡ್ ಕಡಿಮೆಯಾಯಿತು ಎಂದು ಎಲ್ಲೋ ಒಂದು ವರದಿ ಹೇಳುತ್ತಿರುತ್ತದೆ. ನನ್ನ ಅಕ್ಷರದಲ್ಲಿ ಬರೆದ ಸುಳ್ಳು, ಹದಿನೈದು ವರ್ಷಗಳ ನಂತರ, ಪರಿಸರ ಸೇವೆಯ ಪುಣ್ಯವಾಗಿ ಮಾರ್ಪಟ್ಟಿತ್ತು.

ಒಂದು ಟವರಾದರೆ ಹೋಗಲಿ. ಆದರೆ ಅವಳು ಮಾಡುತ್ತಿದ್ದುದು ಸಿಕ್ಕಿದ ಕೆಲವು ಟವರುಗಳ ಲೆಕ್ಕ ಹಿಡಿದು ಸಿಗದ ನೂರಾರು ಟವರುಗಳ ಅಂದಾಜು. ನನ್ನ ಅಂಕಿ ಮರಿ ಹಾಕಲಿತ್ತು.

ಇಶಾ ನಮಾಝ್ ಮುಗಿಸಿ ಬಂದ ಮೇಲೆ ಅವಳನ್ನು ಜಗಲಿಗೆ ಕರೆದು ಎಲ್ಲವನ್ನೂ ಹೇಳಿದೆ. ಅವರ್ ಮೀಟರಿನ ವಯರು, ಕವರಿನ ನಾಲ್ಕು ನೂರು, ಅಮ್ಮಿಗೆ ಹೇಳಿದ ಮಾತು, ಎಲ್ಲವನ್ನೂ. ನಾನು ಎತ್ತಿ ಆಡಿಸಿದ ಹುಡುಗಿಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದೆ. ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮು, ನಿಮ್ಮದು ಎಂಟು ಲೀಟರ್. ದೊಡ್ಡವರ ಲೆಕ್ಕ ಕೇಳಿ" ಎಂದಳು. ನನಗೆ ಸಮಾಧಾನ ಹೇಳಲು ಶುರು ಮಾಡಿದಳೋ, ತನಗೇ ಹೇಳಿಕೊಂಡಳೋ, ಮಾತು ರಾತ್ರಿ ಹನ್ನೊಂದರವರೆಗೆ ನಡೆಯಿತು.

ಅರ್ಧ ಗಂಟೆ ಇಂಟರ್‌ನೆಟ್ಟಿನಲ್ಲಿ ಸಿನಿಮಾ ನೋಡಿದರೆ 1.6 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ ಎಂದು 2019ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತಂತೆ. ಶಿಫ್ಟ್ ಪ್ರಾಜೆಕ್ಟ್ ಎಂಬ ಫ್ರೆಂಚ್ ಸಂಸ್ಥೆಯ ಲೆಕ್ಕ ಅದು. ಮರುವರ್ಷ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ತಜ್ಞರೊಬ್ಬರು ಕೂಡಿ ಕಳೆದು ನೋಡಿದಾಗ ಒಂದು ಇಡೀ ಗಂಟೆಗೆ ಸುಮಾರು 36 ಗ್ರಾಂ ಎಂದು ಬಂತು. ಹಿಂದಿನ ಲೆಕ್ಕದ ತಪ್ಪುಗಳಲ್ಲೊಂದು ಬಿಟ್ ಎಂದು ಓದಬೇಕಾದಲ್ಲಿ ಬೈಟ್ ಎಂದು ಓದಿದ್ದು. ಎಂಟು ಬಿಟ್ಟಿಗೆ ಒಂದು ಬೈಟ್, ಹಾಗಾಗಿ ಒಂದೇ ಏಟಿಗೆ ಎಂಟು ಪಟ್ಟು. ಸಂಸ್ಥೆ ಆ ತಪ್ಪನ್ನು ಒಪ್ಪಿಕೊಂಡಿತು. ಒಳ್ಳೆಯ ಉದ್ದೇಶದಿಂದ ಆದ ತಪ್ಪು, ನನ್ನದರಂತಲ್ಲ.

ತಪ್ಪೇ ಇಲ್ಲದೆಯೂ ಲೆಕ್ಕ ಎರಡಾಗುತ್ತದೆ. ಗೂಗಲ್ ಕಂಪನಿ 2025ರ ಆಗಸ್ಟಿನಲ್ಲಿ ತನ್ನ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಒಂದು ಸಾಮಾನ್ಯ ಪ್ರಶ್ನೆ ಕೇಳಿದರೆ 0.24 ವ್ಯಾಟ್-ಅವರ್ ವಿದ್ಯುತ್ತು ಖರ್ಚಾಗುತ್ತದೆ, 0.03 ಗ್ರಾಂ ಇಂಗಾಲ ಹೊರಬೀಳುತ್ತದೆ ಎಂದು ಪ್ರಕಟಿಸಿತು. ಅಷ್ಟಾದರೂ ಬಹಿರಂಗಪಡಿಸಿದ್ದು ದೊಡ್ಡದು, ಬಹಳ ಕಂಪನಿಗಳು ಬಾಯಿಯನ್ನೇ ಬಿಡುವುದಿಲ್ಲ. ಆದರೆ ನಮ್ಮ ದೇಶದ ಗ್ರಿಡ್ಡಿನ ಸರಾಸರಿ ಹಿಡಿದರೆ ಒಂದು ಯುನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಆ ಲೆಕ್ಕದಲ್ಲಿ ಅದೇ 0.24ಕ್ಕೆ 0.17 ಗ್ರಾಂ ಆಗುತ್ತದೆ, ಐದು ಪಟ್ಟಿಗಿಂತ ಹೆಚ್ಚು. ಅಲ್ಲಿಯ ಗ್ರಿಡ್ಡು ಬೇರೆ ಎಂಬುದು ಒಂದು ಕಾರಣ. ಇನ್ನೊಂದು, ಕಂಪನಿ ಬೇರೆಡೆ ಕೊಂಡ ಸೌರ ಮತ್ತು ಗಾಳಿ ವಿದ್ಯುತ್ತನ್ನು ತನ್ನ ಲೆಕ್ಕದಿಂದ ಕಳೆಯುತ್ತದೆ. ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಹಗಲು ಕೊಂಡ ಬಿಸಿಲಿನಿಂದ ರಾತ್ರಿ ಸುಟ್ಟ ಕಲ್ಲಿದ್ದಲನ್ನು ಅಳಿಸಬಹುದೇ ಎಂಬುದೇ ಈಗಿನ ದೊಡ್ಡ ಜಗಳವಂತೆ. ಹೀಗೆ ಕಳೆದೂ ಆ ಕಂಪನಿಯ ಒಟ್ಟು ಮಾಲಿನ್ಯ 2019ಕ್ಕಿಂತ 2023ರಲ್ಲಿ ಶೇ. 48ರಷ್ಟು ಏರಿ 1.43 ಕೋಟಿ ಟನ್ ಮುಟ್ಟಿತ್ತು. ಜಗತ್ತಿನ ಡೇಟಾ ಸೆಂಟರುಗಳೆಲ್ಲ ಸೇರಿ 2024ರಲ್ಲಿ ಸುಮಾರು 41,500 ಕೋಟಿ ಯುನಿಟ್ ವಿದ್ಯುತ್ತು ತಿಂದವು, ಒಟ್ಟು ಬಳಕೆಯ ಶೇ. 1.5. ಇದು 2030ರ ಹೊತ್ತಿಗೆ ಇಮ್ಮಡಿಗಿಂತ ಹೆಚ್ಚಾಗಬಹುದು ಎಂಬುದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು.

"ಹಾಗಾದರೆ ನಮ್ಮನೆಯ ಈ ಬಲ್ಬಿಗೂ 0.7 ಕಿಲೋನಾ?" ಎಂದೆ. ಹೌದು ಎಂದಳು. ನನಗೆ ನಗು ಬಂತು. ಯಲ್ಲಾಪುರದ ಸುತ್ತ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳು. ನಾಗಝರಿಯ ವಿದ್ಯುದಾಗಾರವೂ ಸೇರಿ ಸುಮಾರು 1270 ಮೆಗಾವ್ಯಾಟ್. ಪಕ್ಕದಲ್ಲಿ ಕೈಗಾದ ನಾಲ್ಕು ಅಣು ಘಟಕಗಳು, 880 ಮೆಗಾವ್ಯಾಟ್. ಎಲ್ಲವೂ ಕಲ್ಲಿದ್ದಲು ಸುಡದವು. ಅವುಗಳ ತಂತಿ ನಮ್ಮ ಕಾಡಿನ ನೆತ್ತಿ ಬೋಳಿಸಿಕೊಂಡು ಘಟ್ಟದ ಮೇಲಕ್ಕೆ ಹೋಗುತ್ತದೆ. ಸೂಪಾ ಊರೇ ನೀರಿನಡಿ ಹೋಯಿತು. ಅಷ್ಟೆಲ್ಲ ಕೊಟ್ಟ ಮೇಲೂ ನಮ್ಮ ಬಲ್ಬಿನ ಖಾತೆಯಲ್ಲಿ ರಾಯಚೂರಿನ ಬೂದಿ ಇದೆ. ಬೆಂಗಳೂರಿನ ಗಾಜಿನ ಕಟ್ಟಡ ಬಯಲುಸೀಮೆಯ ಸೌರ ವಿದ್ಯುತ್ತನ್ನು ಕಾಗದದ ಮೇಲೆ ಕೊಂಡರೆ ಅದರ ಖಾತೆ ಸೊನ್ನೆ. ಲೆಕ್ಕ ತಪ್ಪೆಂದು ನಾನು ಹೇಳುತ್ತಿಲ್ಲ. ಗೆರೆ ಎಲ್ಲಿ ಎಳೆದರು ಎಂಬುದನ್ನು ನೋಡಬೇಕು ಎನ್ನುತ್ತಿದ್ದೇನೆ.

ಗೆರೆಯ ಮಾತು ನಮ್ಮ ಸೀಮೆಗೆ ಹೊಸದಲ್ಲ. ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಯಲ್ಲಾಪುರ, ಶಿರಸಿ ಕಡೆಯ ಅಡಿಕೆ, ಏಲಕ್ಕಿ ತೋಟಿಗರು ಬರೀ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ಶಿರಸಿಯ ತೋಟಗಾರರ ಸಹಕಾರಿ ಸೊಸೈಟಿ 1981ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ಯೋಜನೆಯ ಲಾಭನಷ್ಟವನ್ನು ಮತ್ತೆ ಲೆಕ್ಕ ಹಾಕಿಸಿತು. ಮುಳುಗುವ ಕಾಡು, ತೋಟ, ಸೊಪ್ಪಿನ ಬೆಟ್ಟ ಇವೆಲ್ಲ ಯೋಜನೆಯ ಕಡತದಲ್ಲಿ ಸರಿಯಾದ ಬೆಲೆ ಪಡೆದಿಲ್ಲ ಎಂದು ತೋರಿಸಿಕೊಟ್ಟಿತು. ಯೋಜನೆ ನಿಂತಿತು. ಲೆಕ್ಕದ ಪುಸ್ತಕವನ್ನು ಎದುರು ಪಕ್ಷದವರೂ ತೆರೆದು ಓದಬಹುದು ಎಂದು ಈ ಭಾಗದ ರೈತರಿಗೆ ನಲವತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು.

ನಾನು ಮಾಡಿದಂಥ ತಪ್ಪಿಗೆ, ಅಂದರೆ ಹಿಂದಿನದನ್ನು ಉಬ್ಬಿಸಿ ಇಂದಿನ ಉಳಿತಾಯವನ್ನು ದೊಡ್ಡದು ಮಾಡುವುದಕ್ಕೆ, ಇಡೀ ಜಗತ್ತಿನಲ್ಲಿ ಒಂದು ಮಾರುಕಟ್ಟೆಯೇ ಇದೆ. ತನ್ನ ಹೊಗೆಯನ್ನು ಪೂರ್ತಿ ಇಳಿಸಲಾಗದ ಕಂಪನಿ ಎಲ್ಲೋ ಹಳ್ಳಿಯ ಮನೆಗಳಿಗೆ ಕಡಿಮೆ ಹೊಗೆಯ ಒಲೆ ಕೊಡಿಸಿ, ಅಲ್ಲಿ ಉಳಿದ ಸೌದೆಯ ಲೆಕ್ಕವನ್ನು ತನ್ನ ಖಾತೆಗೆ ಜಮಾ ಮಾಡಿಕೊಳ್ಳುತ್ತದೆ. ಉದ್ದೇಶ ಒಳ್ಳೆಯದೇ. ಹೊಗೆಯಲ್ಲಿ ಕಣ್ಣು ಕಳೆದುಕೊಂಡ ನಮ್ಮ ಅಜ್ಜಿಯಂದಿರನ್ನು ನೆನೆದರೆ ಯಾರು ಕೊಡಿಸಿದರೂ ಒಲೆ ಬರಲಿ ಎನಿಸುತ್ತದೆ. ಆದರೆ ಮೊದಲು ಎಷ್ಟು ಸೌದೆ ಸುಡುತ್ತಿದ್ದರು, ಹೊಸ ಒಲೆ ಬಂದ ಮೇಲೆ ಹಳೆಯದನ್ನು ನಿಜವಾಗಿ ಬಿಟ್ಟರೇ ಎಂದು ಅಳೆಯುವವರು ಯಾರು? ಅಮೆರಿಕದ ಬರ್ಕ್ಲಿಯ ಸಂಶೋಧಕರು 2024ರಲ್ಲಿ ಇಂಥ ಒಲೆ ಯೋಜನೆಗಳನ್ನು ಪರಿಶೀಲಿಸಿ, ಜಮಾ ಮಾಡಿಕೊಂಡದ್ದು ನಿಜವಾದ ಉಳಿತಾಯಕ್ಕಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚು ಎಂದು ಕಂಡುಕೊಂಡರು. ಅದು ಯಾವುದೋ ಒಂದು ಕಂಪನಿಯ ಮೇಲಿನ ದೂರಲ್ಲ, ಅಳೆಯುವ ವಿಧಾನದ ಮೇಲಿನ ದೂರು.

ನೆಟ್ಟಗೆ ಅಳೆದವರೂ ಇದ್ದಾರೆ ಎಂದು ಅವಳು ಒಂದು ಉದಾಹರಣೆ ಕೊಟ್ಟಳು, ನನ್ನಂಥ ಮೆಕ್ಯಾನಿಕ್ಕಿಗೆ ಅದು ಬಹಳ ಹಿಡಿಸಿತು. ಹೈದರಾಬಾದಿನಲ್ಲಿ ಇನ್ಫೋಸಿಸ್ ಕಂಪನಿ ಒಂದು ಕಟ್ಟಡವನ್ನು ಸರಿಯಾಗಿ ಎರಡು ಹೋಳು ಮಾಡಿ ಕಟ್ಟಿಸಿತು. ಒಂದು ಹೋಳಿಗೆ ಸಾಮಾನ್ಯ ಏಸಿ, ಅದೂ ಒಳ್ಳೆಯ ದರ್ಜೆಯದು. ಇನ್ನೊಂದರಲ್ಲಿ ತಾರಸಿಯ ಕಾಂಕ್ರೀಟಿನೊಳಗೆ ಹುಗಿದ ಪೈಪುಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ. ಅದೇ ಬಿಸಿಲು, ಅದೇ ರೀತಿಯ ಕಿಟಕಿ, ಅಷ್ಟೇ ಜನ. ಎರಡಕ್ಕೂ ಬೇರೆ ಬೇರೆ ಮೀಟರು. ಎರಡು ವರ್ಷ ಲೆಕ್ಕ ಇಟ್ಟರು. ತಣ್ಣೀರಿನ ಹೋಳು ಸುಮಾರು ಮೂರನೇ ಒಂದು ಪಾಲು ಕಡಿಮೆ ವಿದ್ಯುತ್ತು ಬಳಸಿತ್ತು. ಇಲ್ಲಿ ಹಳೆಯ ಲಾಗ್‌ಬುಕ್ಕನ್ನು ನಂಬುವ ಪ್ರಶ್ನೆಯೇ ಇಲ್ಲ. ಹಿಂದಿನದೂ ಇಂದಿನದೂ ಒಂದೇ ಗೋಡೆಯ ಆಚೆಗೊಂದು ಈಚೆಗೊಂದು ನಿಂತಿವೆ. ಆ ಕಂಪನಿ 2020ರಲ್ಲಿ ತಾನು ಕಾರ್ಬನ್ ನ್ಯೂಟ್ರಲ್ ಆದೆ ಎಂದು ಘೋಷಿಸಿದಾಗ ಅದರಲ್ಲಿ ಇಂಥ ಉಳಿತಾಯವೂ ಇತ್ತು, ಹಳ್ಳಿಗಳ ಗೋಬರ್ ಗ್ಯಾಸು ಮತ್ತು ಒಲೆಗಳಿಂದ ಬಂದ ಜಮೆಯೂ ಇತ್ತು. ನನ್ನನ್ನು ಕೇಳಿದರೆ ಮೊದಲನೆಯದಕ್ಕೆ ನೂರಕ್ಕೆ ನೂರು ಅಂಕ ಕೊಡುತ್ತೇನೆ.

ಅಷ್ಟು ಹೊತ್ತಿಗೆ ಆಪಾ ಎರಡು ಸಲ ಬಂದು ದೀಪ ಆರಿಸಿ ಎಂದು ಹೇಳಿ ಹೋಗಿದ್ದಳು.

ನಮ್ಮ ಅಬ್ಬಾ ಸಂತೆಯಲ್ಲಿ ಒಣಮೀನು ತೂಗುತ್ತಿದ್ದರು. ತಕ್ಕಡಿಯ ಮುಳ್ಳು ನಡುವೆ ಬಂದ ಮೇಲೂ ಒಂದು ಮೀನು ಹೆಚ್ಚಿಗೆ ಹಾಕಿ, ಗಿರಾಕಿಯ ಕಡೆ ತಟ್ಟೆ ವಾಲಿದ ಮೇಲೆಯೇ ಕಟ್ಟಿಕೊಡುತ್ತಿದ್ದರು. ಕುರ್‌ಆನಿನ 83ನೇ ಅಧ್ಯಾಯಕ್ಕೆ ಅಳತೆಯಲ್ಲಿ ವಂಚಿಸುವವರ ಹೆಸರೇ ಇದೆ. ಪ್ರವಾದಿ ಶುಐಬ್(ಅ)ರ ಜನ ನಾಶವಾದದ್ದಕ್ಕೆ ಅಳತೆ ತೂಕದ ಮೋಸವೂ ಒಂದು ಕಾರಣ ಎಂಬುದನ್ನು ಎಷ್ಟೋ ಶುಕ್ರವಾರಗಳ ಖುತ್ಬಾದಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಅದು ಕಿರಾಣಿ ಅಂಗಡಿಯವರಿಗೆ ಹೇಳಿದ್ದು ಎಂದುಕೊಂಡು ಕುಳಿತಿದ್ದೆ. ಅವರ್ ಮೀಟರೂ ಒಂದು ತಕ್ಕಡಿ ಎಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಮರುದಿನ ಮೌಲಾನಾರನ್ನು ಕಂಡು ವಿಷಯ ಹೇಳಿದೆ. ಹಣದ ಮಾತು ಅವರಿಗೆ ಕಷ್ಟವೆನಿಸಲಿಲ್ಲ. ಯಾರಿಗೆ ಸೇರಬೇಕೋ ಅವರಿಗೆ ಮರಳಿಸಬೇಕು, ಅವರು ಸಿಗದಿದ್ದರೆ ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಡಬೇಕು ಎಂದರು. ತಿಂಗಳಿಗೆ ನಾಲ್ಕು ನೂರರಂತೆ ಮೂವತ್ತೊಂದು ತಿಂಗಳು, 12,400 ರೂಪಾಯಿ. ಅದನ್ನು ಲೆಕ್ಕ ಹಾಕಿ ಕೊಟ್ಟುಬಿಟ್ಟೆ. ನಾನು ತಿಂದದ್ದು ಅಷ್ಟಾದರೂ ನಾನು ಸಹಿ ಹಾಕಿದ್ದು ಅದರ ಎಷ್ಟೋ ಪಟ್ಟಿಗೆ ಎಂಬುದನ್ನು ಅವರಿಗೂ ಹೇಳಿದೆ. ಆಮೇಲೆ, ಅಂಕಿಯನ್ನು ಮರಳಿಸುವುದು ಹೇಗೆ ಹಜ್ರತ್ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಯಾರು ಆ ಅಂಕಿಯನ್ನು ನಂಬಿದ್ದಾರೋ ಅವರಿಗೆ ನಿಜ ಹೇಳು ಎಂದರು.

ನಂಬಿದ್ದವಳು ಮನೆಯಲ್ಲೇ ಇದ್ದಳು. ಆದರೆ ಅವಳಿಗೂ ಒಂದು ಸಂಕಟವಿತ್ತು. ನನ್ನ ಮಾತನ್ನು ವರದಿಯಲ್ಲಿ ಸೇರಿಸಿದರೆ ಮೂಲ ವರ್ಷದ ಅಂಕಿ ಇಳಿಯುತ್ತದೆ. ಮೂಲ ಇಳಿದರೆ ಉಳಿತಾಯ ಇಳಿಯುತ್ತದೆ. ಉಳಿತಾಯವನ್ನು ತೋರಿಸಲೆಂದೇ ವರದಿ ಬರೆಸುತ್ತಿರುವವರು ಇದನ್ನು ಮೆಚ್ಚುವುದಿಲ್ಲ. "ನನ್ನ ಮೇಲಿನವರು ಸಾಕ್ಷಿ ಏನಿದೆ ಅಂತ ಕೇಳ್ತಾರೆ ಮಾಮು. ನನ್ನ ಮಾಮು ಹೇಳಿದ್ದಾರೆ ಅಂತ ಬರೆಯಲಿಕ್ಕೆ ಆಗಲ್ಲ" ಎಂದಳು. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷವಾಗಿಲ್ಲ ಅವಳಿಗೆ. ನನ್ನಿಂದಾಗಿ ಅವಳ ಅನ್ನಕ್ಕೆ ಕಲ್ಲು ಬೀಳುವುದು ಬೇಡವೆನಿಸಿ, ಹಾಗಾದರೆ ಬಿಟ್ಟುಬಿಡು ಎಂದೂ ಹೇಳಿದೆ. ಅವಳು ಬಿಡಲಿಲ್ಲ. "ನೀವು ಆಯಿಲ್ ಬದಲಾಯಿಸಲಿಕ್ಕೆ ಡೈರಿ ಇಟ್ಟಿದ್ದೆ ಅಂದಿರಲ್ಲ, ಅದು ಎಲ್ಲಿದೆ?" ಎಂದಳು.

ಅಟ್ಟದ ಮೇಲೆ ಹಳೆಯ ವೈಂಡಿಂಗ್ ತಂತಿಗಳ ಡಬ್ಬದಲ್ಲಿ ಅದು ಸಿಕ್ಕಿತು. ಮೇಲಿನ ರಟ್ಟಿಗೆ ಡೀಸೆಲ್ಲಿನ ಕಲೆ. ಒಳಗೆ ತಾರೀಕು, ಗಂಟೆ, ಆಯಿಲ್ ಬದಲಾಯಿಸಿದ ದಿನಕ್ಕೆ ಒಂದು ಅಡ್ಡಗೆರೆ. ಅವಳು ಹೊರಡುವ ಹಿಂದಿನ ಸಂಜೆ ನಾವಿಬ್ಬರೂ ಜಗಲಿಯಲ್ಲಿ ಕುಳಿತೆವು. ನಾನು ಓದುತ್ತಾ ಹೋದೆ, ಅವಳು ತುಂಬುತ್ತಾ ಹೋದಳು. ಏಳೂವರೆ, ಎಂಟು, ಆರು, ಮಳೆಗಾಲದಲ್ಲಿ ಹದಿನಾಲ್ಕು, ಹದಿನೈದು. ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಕೊನೆಗೆ ಒಂದು ಬಿಳಿ ಹಾಳೆಯಲ್ಲಿ, ಈ ಡೈರಿ ನನ್ನದು, ಲಾಗ್‌ಬುಕ್ಕಿನಲ್ಲಿ ಬರೆದದ್ದು ಇದಕ್ಕಿಂತ ಹೆಚ್ಚು, ಅದನ್ನು ಬರೆದವನೂ ನಾನೇ ಎಂದು ಬರೆದು ಸಹಿ ಹಾಕಿಕೊಟ್ಟೆ.

2009ರ ಆಗಸ್ಟ್, ಸೆಪ್ಟೆಂಬರಿನ ಪುಟಗಳನ್ನು ಗೆದ್ದಲು ತಿಂದಿತ್ತು. ಅಂಚಿನ ಕೆಲವು ತಾರೀಕು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಈ ಎರಡು ತಿಂಗಳಿಗೆ ಎಷ್ಟು ಹಾಕಲಿ ಮಾಮು?"

"ನೆನಪಿಲ್ಲ. ಖಾಲಿ ಬಿಡು."

"ಖಾಲಿ ಬಿಟ್ಟರೆ ಇದು ತಗೊಳ್ಳಲ್ಲ, ಕೆಂಪು ತೋರಿಸುತ್ತೆ. ಅಂದಾಜು ಹೇಳಿ, ಹಾಕಿಬಿಡ್ತೀನಿ."

"ಕೆಂಪೇ ಇರಲಿ ಬೇಟಿ" ಎಂದೆ.